ಪೈಥಾನ್ ಬೋಧನೆಯಲ್ಲಿ ವೇರಿಯಬಲ್‌ಗೆ ಹೆಸರಿಡುವುದು: ಬಿಲ್ಟ್-ಇನ್ ಫಂಕ್ಷನ್ ಮರೆಯಾಗುವ ಸಮಸ್ಯೆ

ಪೈಥಾನ್ ಭಾಷೆಯಲ್ಲಿ ಸಿದ್ಧವಾಗಿಯೇ ಸಿಗುವ ಫಂಕ್ಷನ್‌ಗಳಿವೆ. ಮೊತ್ತಕ್ಕೆ ಸಮ್, ಗರಿಷ್ಠಕ್ಕೆ ಮ್ಯಾಕ್ಸ್, ಕನಿಷ್ಠಕ್ಕೆ ಮಿನ್, ಉದ್ದ ಎಣಿಸಲು ಲೆನ್. ಇವುಗಳನ್ನು ಬಿಲ್ಟ್-ಇನ್ ಫಂಕ್ಷನ್‌ಗಳು ಎನ್ನುತ್ತೇವೆ. ಇವೇ ಹೆಸರುಗಳನ್ನು ನಮ್ಮ ವೇರಿಯಬಲ್‌ಗಳಿಗೆ ಇಟ್ಟರೆ ಪೈಥಾನ್ ಬೇಡ ಎನ್ನುವುದಿಲ್ಲ, ಎಚ್ಚರಿಸುವುದೂ ಇಲ್ಲ. ಆದರೆ ಅಲ್ಲಿಂದ ಮುಂದೆ ಆ ಫಂಕ್ಷನ್ ನಮ್ಮ ಕೈಗೆ ಸಿಗುವುದಿಲ್ಲ. ತರಗತಿಯಲ್ಲಿ ಇದನ್ನು "ಬಿಲ್ಟ್-ಇನ್ ಹೆಸರುಗಳನ್ನು ಬಳಸಬೇಡಿ" ಎಂಬ ಒಂದು ಸಾಲಿನ ಎಚ್ಚರಿಕೆಯಾಗಿ ಹೇಳಿ ಮುಂದೆ ಹೋಗುವುದು ವಾಡಿಕೆ. ಆ ಒಂದು ಸಾಲು ಮಕ್ಕಳ ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ಬೋಧನಾಭ್ಯಾಸದ ಅವಧಿಯಲ್ಲಿ ಹನ್ನೊಂದನೇ ತರಗತಿಯ ಲ್ಯಾಬ್‌ನಲ್ಲಿ ಕಂಡುಬಂದ ವಿಷಯ. ಏಕೆ ನಿಲ್ಲುವುದಿಲ್ಲ, ಅದರ ಬದಲು ಏನನ್ನು ಕಲಿಸಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಒಂದು ಸೂಚನೆ. ಈ ಲೇಖನದಲ್ಲಿ ಪ್ರೋಗ್ರಾಮಿನ ಸಾಲುಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಮಾಡಿ ನೋಡುವವರು ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಬೇಕು.

ಎಲ್ಲರೂ ಬರೆಯುವ ಪ್ರೋಗ್ರಾಮಿನಿಂದಲೇ ಶುರುಮಾಡೋಣ. ಐದು ವಿದ್ಯಾರ್ಥಿಗಳ ಅಂಕಗಳ ಮೊತ್ತ ಬೇಕು.

ಮಾರ್ಕ್ಸ್ = [18, 22, 15, 24, 20]
ಸಮ್ = 0
ಫಾರ್ ಎಮ್ ಇನ್ ಮಾರ್ಕ್ಸ್:
    ಸಮ್ = ಸಮ್ + ಎಮ್
ಪ್ರಿಂಟ್(ಸಮ್)

ಉತ್ತರ 99 ಬರುತ್ತದೆ. ಲೆಕ್ಕ ಸರಿ, ಪ್ರೋಗ್ರಾಮ್ ಸರಿ, ಶಿಕ್ಷಕರು ರೆಕಾರ್ಡ್ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಮುಂದಿನ ವಾರ ಲಿಸ್ಟ್ ಪಾಠದಲ್ಲಿ "ಇಷ್ಟೆಲ್ಲ ಲೂಪ್ ಬೇಡ, ಸಮ್ ಎಂಬ ಫಂಕ್ಷನ್ನೇ ಇದೆ" ಎಂದು ಹೇಳಿಕೊಡುತ್ತೇವೆ. ವಿದ್ಯಾರ್ಥಿ ಅದೇ ಪ್ರೋಗ್ರಾಮಿನ ಕೆಳಗೆ ಎರಡು ಸಾಲು ಸೇರಿಸುತ್ತಾನೆ:

ಟೆಸ್ಟ್2 = [12, 17, 9]
ಪ್ರಿಂಟ್(ಸಮ್(ಟೆಸ್ಟ್2))

ಈಗ ಬರುವುದು ಉತ್ತರವಲ್ಲ, ಕೆಂಪು ಅಕ್ಷರಗಳು. "ಟೈಪ್ ಎರರ್: ಇಂಟ್ ಆಬ್ಜೆಕ್ಟ್ ಈಸ್ ನಾಟ್ ಕಾಲಬಲ್." ದೋಷ ಇದೆ ಎಂದು ಪೈಥಾನ್ ತೋರಿಸುವುದು ಕೊನೆಯ ಸಾಲನ್ನು. ಆ ಸಾಲಿನಲ್ಲಿ ಯಾವ ತಪ್ಪೂ ಇಲ್ಲ. ಇವತ್ತು ಪಾಠದಲ್ಲಿ ಹೇಳಿಕೊಟ್ಟದ್ದನ್ನು ಅಕ್ಷರಶಃ ಬರೆದದ್ದು ಅದು. ತೊಂದರೆ ಶುರುವಾದದ್ದು ಹೋದ ವಾರ, ಎರಡನೇ ಸಾಲಿನಲ್ಲಿ. ಆ ಸಾಲಿಗೆ ಸಹಿಯೂ ಬಿದ್ದಿದೆ.

ಕಲಿಕೆಯ ದೃಷ್ಟಿಯಿಂದ ಇದರ ತೂಕ ಇರುವುದು ಇಲ್ಲೇ. ಕೋಲನ್ ಬಿಟ್ಟುಹೋದರೆ ಪೈಥಾನ್ ಆ ಜಾಗವನ್ನೇ ತೋರಿಸುತ್ತದೆ. ಮಗು ನೋಡಿ ತಿದ್ದುತ್ತದೆ. ಹೆಸರು ಮರೆಯಾದಾಗ ಮಾತ್ರ ಸರಿಯಿದ್ದ ಸಾಲಿನ ಮೇಲೆ ಆರೋಪ ಬರುತ್ತದೆ. ಲ್ಯಾಬ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ಇಂಥ ಕೊನೆಯ ಸಾಲನ್ನು ಅಳಿಸಿ ಅಳಿಸಿ ಮತ್ತೆ ಅದನ್ನೇ ಬರೆಯುತ್ತಿದ್ದಳು. ಪಕ್ಕದ ಗೆಳತಿಯ ಕಂಪ್ಯೂಟರಿನಲ್ಲಿ ಅದೇ ಸಾಲು ಉತ್ತರ ಕೊಡುತ್ತಿತ್ತು. ಅಕ್ಷರ ಅಕ್ಷರ ಹೋಲಿಸಿ ನೋಡಿದರು, ವ್ಯತ್ಯಾಸವಿಲ್ಲ. "ಇದು ಅವಳಿಗೆ ಬರುತ್ತೆ ಮಿಸ್, ನನಗೆ ಬರಲ್ಲ" ಎಂದಳು. ಗೆಳತಿ ಮೊತ್ತದ ವೇರಿಯಬಲ್‌ಗೆ ಟೋಟಲ್ ಎಂದು ಹೆಸರಿಟ್ಟಿದ್ದಳು, ಅಷ್ಟೇ ವ್ಯತ್ಯಾಸ, ಅದೂ ಇಪ್ಪತ್ತು ಸಾಲು ಮೇಲೆ. ಇಬ್ಬರೂ ಕೊನೆಯ ಸಾಲನ್ನು ಮಾತ್ರ ನೋಡುತ್ತಿದ್ದರಿಂದ ಅದು ಕಾಣಲಿಲ್ಲ. ದೋಷದ ಸಂದೇಶವನ್ನು ನಂಬಿ, ಅದು ತೋರಿಸಿದ ಕಡೆ ನೋಡಿ ಎಂದು ಹೇಳಿಕೊಟ್ಟವರು ನಾವೇ ಅಲ್ಲವೇ?

ಸಂದೇಶವನ್ನು ಓದಲು ಕಲಿಸುವುದು

"ನಾಟ್ ಕಾಲಬಲ್" ಎಂಬುದರ ಅರ್ಥವನ್ನು ಮೊದಲು ಬಿಡಿಸಬೇಕು. ಪೈಥಾನ್‌ನಲ್ಲಿ ಒಂದು ಹೆಸರಿನ ಪಕ್ಕದಲ್ಲೇ ಆವರಣ ಚಿಹ್ನೆ ಬಂದರೆ "ಈ ಹೆಸರಿನ ಫಂಕ್ಷನ್ ಅನ್ನು ಕರೆ" ಎಂದರ್ಥ. ಸಮ್ ಎಂಬ ಹೆಸರು ಈಗ 99 ಎಂಬ ಸಂಖ್ಯೆಯನ್ನು ಸೂಚಿಸುತ್ತಿದೆ. ಹಾಗಾಗಿ ಪೈಥಾನ್‌ಗೆ ನಾವು ಹೇಳಿದ್ದು 99(ಟೆಸ್ಟ್2) ಎಂದಂತಾಯಿತು. ಸಂಖ್ಯೆಯನ್ನು ಕರೆಯಲು ಆಗುವುದಿಲ್ಲ. ಸಂದೇಶ ಹೇಳುವುದು ಇದನ್ನೇ.

ಗಣಿತ ವಿಭಾಗದ ಪ್ರಶಿಕ್ಷಣಾರ್ಥಿಗಳು ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಗಣಿತದಲ್ಲಿ 5(3+2) ಎಂದರೆ 25. ಸಂಖ್ಯೆಯ ಪಕ್ಕ ಆವರಣ ಬಂದರೆ ಗುಣಾಕಾರ ಎಂದು ಮಕ್ಕಳು ವರ್ಷಗಳಿಂದ ಕಲಿತಿದ್ದಾರೆ. ಪೈಥಾನ್‌ನಲ್ಲಿ ಅದನ್ನೇ ಬರೆದರೂ ಇದೇ ಸಂದೇಶ ಬರುತ್ತದೆ: ಇಂಟ್ ಆಬ್ಜೆಕ್ಟ್ ಈಸ್ ನಾಟ್ ಕಾಲಬಲ್. ಅಂದರೆ ಒಂದೇ ಸಂದೇಶಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಒಂದು, ಗುಣಾಕಾರದ ನಕ್ಷತ್ರ ಚಿಹ್ನೆ ಬಿಟ್ಟುಹೋಗಿರುವುದು. ಇನ್ನೊಂದು, ಹೆಸರು ಮರೆಯಾಗಿರುವುದು. ಆವರಣದ ಹಿಂದೆ ಸಂಖ್ಯೆಯೋ ವಿದ್ಯಾರ್ಥಿಯೇ ಇಟ್ಟ ಹೆಸರೋ ಇದ್ದರೆ ಮೊದಲನೆಯದು. ಸಮ್, ಮ್ಯಾಕ್ಸ್‌ನಂಥ ಪರಿಚಿತ ಫಂಕ್ಷನ್ನಿನ ಹೆಸರಿದ್ದರೆ ಎರಡನೆಯದು. ಮೂವತ್ತು ಮಕ್ಕಳ ಲ್ಯಾಬ್‌ನಲ್ಲಿ ಓಡಾಡುವಾಗ ಇಷ್ಟು ಗೊತ್ತಿದ್ದರೆ ಬಹಳ ಸಮಯ ಉಳಿಯುತ್ತದೆ.

ಅನುಮಾನ ಉಳಿದರೆ ಶೆಲ್‌ನಲ್ಲಿ ಪ್ರಿಂಟ್(ಸಮ್) ಎಂದು ಕೊಟ್ಟು ನೋಡಬಹುದು. "ಬಿಲ್ಟ್-ಇನ್ ಫಂಕ್ಷನ್ ಸಮ್" ಎಂದು ಬಂದರೆ ಫಂಕ್ಷನ್ ಇನ್ನೂ ಸಿಗುತ್ತಿದೆ. 99 ಎಂದು ಬಂದರೆ ಅದು ಮರೆಯಾಗಿದೆ. ವಿದ್ಯಾರ್ಥಿಯ ಕೈಯಿಂದಲೇ ಈ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಉತ್ತರವನ್ನು ಅವನೇ ಕಣ್ಣಾರೆ ನೋಡುತ್ತಾನೆ.

ಮನೆಯಲ್ಲಿ ಅಕ್ಕ ಇದ್ದರೆ

ಫಂಕ್ಷನ್ ಎಲ್ಲಿಗೆ ಹೋಯಿತು ಎಂದು ಮಕ್ಕಳು ಕೇಳುತ್ತಾರೆ. "ಅಳಿಸಿಹೋಯಿತು", "ಬದಲಾಯಿತು" ಎಂದು ಉತ್ತರಿಸಿದರೆ ತಪ್ಪು ಕಲ್ಪನೆಯನ್ನು ನಾವೇ ಬಿತ್ತಿದಂತೆ. ಅದು ಎಲ್ಲಿಗೂ ಹೋಗಿಲ್ಲ.

ಮನೆಯೊಳಗೆ ನಿಂತು "ಅಕ್ಕಾ" ಎಂದು ಕೂಗಿದರೆ ತಿರುಗಿ ನೋಡುವವಳು ಮನೆಯಲ್ಲಿರುವ ಅಕ್ಕ. ಮನೆಯಲ್ಲಿ ಅಕ್ಕ ಎಂದು ಕರೆಸಿಕೊಳ್ಳುವವರು ಯಾರೂ ಇಲ್ಲದಿದ್ದರೆ ಪಕ್ಕದ ಮನೆಯ ಅಕ್ಕ "ಏನು?" ಎನ್ನುತ್ತಾಳೆ. ಪೈಥಾನ್ ಹೆಸರನ್ನು ಹುಡುಕುವ ಕ್ರಮವೂ ಹೀಗೆಯೇ, ಹತ್ತಿರದಿಂದ ದೂರಕ್ಕೆ. ಮೊದಲು ಈಗ ನಡೆಯುತ್ತಿರುವ ಫಂಕ್ಷನ್ನಿನ ಒಳಗೆ. ಆ ಫಂಕ್ಷನ್ ಇನ್ನೊಂದರೊಳಗಿದ್ದರೆ ಆ ಹೊರಗಿನದರಲ್ಲಿ. ಆಮೇಲೆ ಇಡೀ ಫೈಲಿನ ಮಟ್ಟದಲ್ಲಿ. ಕೊನೆಗೆ ಬಿಲ್ಟ್-ಇನ್‌ಗಳ ಪಟ್ಟಿಯಲ್ಲಿ. ಎಲ್ಲಿ ಮೊದಲು ಸಿಕ್ಕಿತೋ ಅಲ್ಲಿಗೆ ಹುಡುಕಾಟ ಮುಗಿಯಿತು. ಸಮ್ = 0 ಎಂದು ಬರೆದಾಗ ಫೈಲಿನ ಮಟ್ಟದಲ್ಲಿ ಒಬ್ಬ ಅಕ್ಕ ಬಂದಳು. ಪಕ್ಕದ ಮನೆಯ ಅಕ್ಕ ಅಲ್ಲೇ ಇದ್ದಾಳೆ, ಕೂಗು ಮಾತ್ರ ಅವಳವರೆಗೆ ಹೋಗುತ್ತಿಲ್ಲ.

ಇದನ್ನು ಪ್ರಯೋಗದಿಂದ ತೋರಿಸಬಹುದು. ಶೆಲ್‌ನಲ್ಲಿ ಡೆಲ್ ಸಮ್ ಎಂದು ಕೊಟ್ಟು ಮತ್ತೆ ಸಮ್([12, 17, 9]) ಕೇಳಿದರೆ 38 ಎಂಬ ಉತ್ತರ ಬರುತ್ತದೆ. ಡೆಲ್ ತೆಗೆದದ್ದು ನಮ್ಮ ವೇರಿಯಬಲ್ ಅನ್ನು ಮಾತ್ರ. "ಮನೆಯ ಅಕ್ಕ ಮದುವೆಯಾಗಿ ಹೋದಳು, ಈಗ ಪಕ್ಕದ ಮನೆಯ ಅಕ್ಕ ಓಗೊಟ್ಟಳು" ಎಂದರೆ ತರಗತಿ ನಗುತ್ತದೆ, ಹುಡುಕಾಟದ ಕ್ರಮವೂ ನೆನಪಿರುತ್ತದೆ.

ಹೋಲಿಕೆ ಕೈಕೊಡುವ ಒಂದು ಜಾಗವೂ ಇದೆ. ಅದನ್ನು ಮುಚ್ಚಿಡಬಾರದು. ಫಂಕ್ಷನ್ನಿನ ಒಳಗೆ ಹೀಗೆ ಬರೆದರೆ:

ಡೆಫ್ ಫಸ್ಟ್_ರ‍್ಯಾಂಕ್(ಮಾರ್ಕ್ಸ್):
    ಮ್ಯಾಕ್ಸ್ = ಮ್ಯಾಕ್ಸ್(ಮಾರ್ಕ್ಸ್)
    ರಿಟರ್ನ್ ಮ್ಯಾಕ್ಸ್

ಮೊದಲ ಕರೆಯಲ್ಲೇ "ಅನ್‌ಬೌಂಡ್ ಲೋಕಲ್ ಎರರ್" ಬರುತ್ತದೆ. ಫಂಕ್ಷನ್ನಿನೊಳಗೆ ಎಲ್ಲಾದರೂ ಒಂದು ಹೆಸರಿಗೆ ಬೆಲೆ ಕೊಟ್ಟಿದ್ದರೆ, ಆ ಫಂಕ್ಷನ್ನಿನ ಉದ್ದಕ್ಕೂ ಆ ಹೆಸರು ಒಳಗಿನದೇ ಎಂದು ಪೈಥಾನ್ ಮೊದಲೇ ತೀರ್ಮಾನಿಸಿಬಿಡುತ್ತದೆ. ಅಕ್ಕ ಇನ್ನೂ ಮನೆಗೆ ಬಂದಿಲ್ಲ, ಬರುತ್ತಾಳೆ ಎಂದು ಗೊತ್ತು, ಹಾಗಾಗಿ ಪಕ್ಕದ ಮನೆಗೆ ಕೂಗು ಹೋಗುವುದೇ ಇಲ್ಲ. ಫಂಕ್ಷನ್ನಿನ ಹೊರಗೆ, ಫೈಲಿನ ಮಟ್ಟದಲ್ಲಿ ಇದೇ ಸಾಲು ಮೊದಲ ಸಲ ಸರಿಯಾಗಿಯೇ ನಡೆಯುತ್ತದೆ, ಎರಡನೇ ಸಲ ನಿಲ್ಲುತ್ತದೆ.

ಬಿಲ್ಟ್-ಇನ್‌ಗಳನ್ನು ಪೈಥಾನ್ ಏಕೆ ಕಾಯ್ದಿರಿಸಿಲ್ಲ?

ಚುರುಕಿನ ವಿದ್ಯಾರ್ಥಿ ಕೇಳುವ ಪ್ರಶ್ನೆ ಇದು. ಇಫ್, ಫಾರ್, ಕ್ಲಾಸ್‌ನಂಥ ಕೀವರ್ಡ್‌ಗಳನ್ನು ವೇರಿಯಬಲ್‌ಗೆ ಇಡಲು ಹೋದರೆ ಪೈಥಾನ್ ಆಗಲೇ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಈಗಿನ ಪೈಥಾನ್ 3ರಲ್ಲಿ ಅಂಥ ಕೀವರ್ಡ್‌ಗಳು 35. ಬಿಲ್ಟ್-ಇನ್‌ಗಳಿಗೂ ಅದೇ ನಿಯಮ ಮಾಡಿದ್ದರೆ ಈ ಗೋಳೇ ಇರುತ್ತಿರಲಿಲ್ಲವಲ್ಲ?

ಉತ್ತರ ಭಾಷೆಯ ಬೆಳವಣಿಗೆಯಲ್ಲಿದೆ. ಸಮ್ ಫಂಕ್ಷನ್ ಪೈಥಾನ್‌ಗೆ ಸೇರಿದ್ದು 2003ರಲ್ಲಿ, 2.3ನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಮೊತ್ತಕ್ಕೆ ಸಮ್ ಎಂದು ಹೆಸರಿಟ್ಟವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಆ ಹೆಸರನ್ನು ಏಕಾಏಕಿ ಕಾಯ್ದಿರಿಸಿದ್ದರೆ ಅವರ ಪ್ರೋಗ್ರಾಮುಗಳೆಲ್ಲ ಒಂದೇ ದಿನ ನಿಂತುಹೋಗುತ್ತಿದ್ದವು. ಮರೆಯಾಗಲು ಅವಕಾಶ ಇದ್ದುದರಿಂದ ಹಳೆಯ ಪ್ರೋಗ್ರಾಮುಗಳು ಉಳಿದವು. 2018ರ 3.7ನೇ ಆವೃತ್ತಿಯಲ್ಲಿ ಅಸಿಂಕ್ ಎಂಬ ಪದ ಪೂರ್ಣ ಕೀವರ್ಡ್ ಆದಾಗ, ಆ ಹೆಸರನ್ನು ಬಳಸಿದ್ದ ಪ್ರೋಗ್ರಾಮುಗಳು ನಿಜಕ್ಕೂ ಮುರಿದವು, ಅವನ್ನು ತಿದ್ದಬೇಕಾಯಿತು. ನಿರ್ಬಂಧಕ್ಕೆ ಹೀಗೂ ಒಂದು ಬೆಲೆ ಇದೆ.

ಹಳೆಯ ನೋಟ್ಸ್ ಇಟ್ಟುಕೊಂಡು ಪಾಠ ಮಾಡುವವರು ಪ್ರಿಂಟ್ ವಿಷಯದಲ್ಲಿ ಎಚ್ಚರದಿಂದಿರಬೇಕು. ಪೈಥಾನ್ 2ರಲ್ಲಿ ಪ್ರಿಂಟ್ ಕೀವರ್ಡ್ ಆಗಿತ್ತು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಅದು ಫಂಕ್ಷನ್ ಆಯಿತು. ಆದ್ದರಿಂದ ಪ್ರಿಂಟ್ = 5 ಎಂದು ಬರೆದರೆ ಈಗ ಪೈಥಾನ್ ಒಪ್ಪುತ್ತದೆ. ಮುಂದಿನ ಪ್ರಿಂಟ್ ಸಾಲಿನಲ್ಲಿ ಅದರ ಫಲ ಗೊತ್ತಾಗುತ್ತದೆ.

ಕಪ್ಪುಹಲಗೆಯಿಂದ ಬರುವ ಅಭ್ಯಾಸ

ಮಕ್ಕಳು ಸಮ್, ಮ್ಯಾಕ್ಸ್ ಎಂಬ ಹೆಸರುಗಳನ್ನು ತಾವಾಗಿ ಹುಡುಕಿ ತರುವುದಿಲ್ಲ. ಹೆಚ್ಚಿನ ಸಲ ಅವು ಕಪ್ಪುಹಲಗೆಯಿಂದ ಬಂದವು. ಸಿ ಭಾಷೆಯಲ್ಲಿ ಪ್ರೋಗ್ರಾಮಿಂಗ್ ಕಲಿತ ಶಿಕ್ಷಕರಿಗೆ ಇವು ಕೈಗೆ ಹತ್ತಿದ ಹೆಸರುಗಳು. ಸಿಯಲ್ಲಿ ಸಮ್ ಎಂಬ ಸಿದ್ಧ ಫಂಕ್ಷನ್ ಇಲ್ಲ. ಅಲ್ಲಿ ಅದು ನಿರಪಾಯ, ಅರ್ಥಪೂರ್ಣವೂ ಹೌದು. ಅದೇ ಅಲ್ಗಾರಿದಮ್ಮನ್ನು ಪೈಥಾನ್‌ಗೆ ಇಳಿಸುವಾಗ ಹೆಸರೂ ಜೊತೆಗೇ ಬಂದುಬಿಡುತ್ತದೆ. ಪಟ್ಟಿಯ ದೊಡ್ಡ ಸಂಖ್ಯೆ ಹುಡುಕುವ ಪಾಠದಲ್ಲಿ ಮ್ಯಾಕ್ಸ್ = ಮಾರ್ಕ್ಸ್[0] ಎಂದು ಶುರುವಾಗುವ ಸಾಲನ್ನು ನೋಡದವರು ನಮ್ಮಲ್ಲಿ ಕಡಿಮೆ. ಪಾಠ ಯೋಜನೆ ಬರೆಯುವಾಗ ಕಪ್ಪುಹಲಗೆ ಕಾರ್ಯದ ಅಂಕಣದಲ್ಲಿರುವ ಹೆಸರುಗಳನ್ನು ಒಮ್ಮೆ ಓದಿಕೊಂಡರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

"ಆ ಪ್ರೋಗ್ರಾಮಿನಲ್ಲಿ ಸಮ್ ಫಂಕ್ಷನ್ ಬಳಸುವುದೇ ಇಲ್ಲವಲ್ಲ, ಹಾಗಿದ್ದಮೇಲೆ ತೊಂದರೆ ಏನು?" ಎಂಬ ವಾದವನ್ನು ನಮ್ಮ ಸಹಪಾಠಿಗಳಲ್ಲೇ ಕೇಳಿದ್ದೇನೆ. ವಾದಕ್ಕೆ ಬಲವಿದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ವಿದ್ಯಾರ್ಥಿ ಎರಡನೇ ಸಾಲಾದ ಸಮ್ = 0 ಬರೆಯಲು ಮರೆತ ಎಂದುಕೊಳ್ಳಿ. ಹೊಸಬರಲ್ಲಿ ಇದು ತೀರಾ ಸಾಮಾನ್ಯ. ಹೆಸರು ಟೋಟಲ್ ಎಂದಿದ್ದರೆ ಪೈಥಾನ್ "ನೇಮ್ ಎರರ್: ಟೋಟಲ್ ಎಂಬುದು ಗೊತ್ತಿಲ್ಲ" ಎಂಬರ್ಥದ ಸಂದೇಶ ಕೊಡುತ್ತದೆ. ಮಗು ತಕ್ಷಣ ಟೋಟಲ್ = 0 ಸೇರಿಸುತ್ತದೆ. ಹೆಸರು ಸಮ್ ಎಂದಿದ್ದರೆ ಪೈಥಾನ್‌ಗೆ ಅದು ಗೊತ್ತಿರುವ ಹೆಸರೇ. ಫಂಕ್ಷನ್ನಿಗೆ 18 ಕೂಡಿಸಲು ಹೋಗಿ, "ಬಿಲ್ಟ್-ಇನ್ ಫಂಕ್ಷನ್ ಆರ್ ಮೆಥಡ್" ಮತ್ತು "ಇಂಟ್" ನಡುವೆ ಕೂಡುವ ಚಿಹ್ನೆ ನಡೆಯದು ಎಂಬ, ಹೊಸಬರಿಗೆ ತಲೆಬುಡ ಗೊತ್ತಾಗದ ಸಂದೇಶ ಬರುತ್ತದೆ. ಅಂದರೆ ಬಿಲ್ಟ್-ಇನ್ ಹೆಸರಿಟ್ಟಾಗ ಪೈಥಾನ್ ಕೊಡಬಹುದಾಗಿದ್ದ ಅತ್ಯಂತ ಸ್ಪಷ್ಟ ಸಹಾಯವನ್ನು ಕಳೆದುಕೊಳ್ಳುತ್ತೇವೆ, ಆ ಫಂಕ್ಷನ್ ಅನ್ನು ಎಂದೂ ಕರೆಯದಿದ್ದರೂ.

ಪದೇ ಪದೇ ಸಿಕ್ಕಿಬೀಳುವ ಇನ್ನು ಕೆಲವು ಹೆಸರುಗಳು ಲಿಸ್ಟ್, ಇನ್‌ಪುಟ್, ಸ್ಟ್ರ್, ಲೆನ್, ರೇಂಜ್, ಟೈಪ್, ಐಡಿ. ಇವುಗಳಲ್ಲಿ ಲಿಸ್ಟ್ ಬಹಳ ಕಾಡುತ್ತದೆ. ಲಿಸ್ಟ್ = [1, 2, 3] ಎಂದು ಬರೆದು ಆಮೇಲೆ ಲಿಸ್ಟ್(ರೇಂಜ್(5)) ಕೇಳಿದರೆ "ಲಿಸ್ಟ್ ಆಬ್ಜೆಕ್ಟ್ ಈಸ್ ನಾಟ್ ಕಾಲಬಲ್" ಎನ್ನುತ್ತದೆ. ನಿನ್ನೆ ಮೇಡಂ ಲಿಸ್ಟ್ ಅನ್ನು ಕರೆಯಬಹುದು ಎಂದರು, ಇವತ್ತು ಕಂಪ್ಯೂಟರ್ ಆಗದು ಎನ್ನುತ್ತಿದೆ. ಕರೆಯಬಹುದಾದದ್ದು ಲಿಸ್ಟ್ ಎಂಬ ಟೈಪ್ ಅನ್ನು, ಕರೆಯಲಾಗದ್ದು [1, 2, 3] ಎಂಬ ಒಂದು ಲಿಸ್ಟನ್ನು. ಈ ವ್ಯತ್ಯಾಸವನ್ನು ಆ ಹಂತದಲ್ಲಿ ವಿವರಿಸುವುದು ಕಷ್ಟ. ಹೆಸರನ್ನು ಬದಲಿಸಿ ಮುಂದೆ ಹೋಗಿ, ಕ್ಲಾಸ್ ಮತ್ತು ಆಬ್ಜೆಕ್ಟ್ ಪಾಠ ಬಂದಾಗ ಇದಕ್ಕೆ ಮರಳುವುದು ಸರಿ ಎಂದು ನನಗೆ ತೋರುತ್ತದೆ.

ಸ್ವಂತ ಫಂಕ್ಷನ್ ಬರೆಯುವ ಅಭ್ಯಾಸದಲ್ಲೂ ಇದು ನುಸುಳುತ್ತದೆ. "ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ಫಂಕ್ಷನ್ ಬರೆಯಿರಿ" ಎಂದರೆ ಡೆಫ್ ಮ್ಯಾಕ್ಸ್(ಎ, ಬಿ) ಎಂದೇ ಶುರುವಾಗುತ್ತದೆ. ಆಮೇಲೆ ಮ್ಯಾಕ್ಸ್(ಮಾರ್ಕ್ಸ್) ಎಂದು ಕೇಳಿದರೆ "ಬಿ ಎಂಬ ಇನ್ನೊಂದು ಬೆಲೆ ಎಲ್ಲಿ?" ಎಂಬ ದೂರು ಬರುತ್ತದೆ.

ಒಂದೇ ಪ್ರೋಗ್ರಾಮ್ ಎರಡು ಕಡೆ

ಐಡಲ್‌ನಲ್ಲಿ ಎಫ್5 ಒತ್ತಿ ಫೈಲ್ ಓಡಿಸಿದಾಗ ಶೆಲ್ ಹೊಸದಾಗಿ ಶುರುವಾಗುತ್ತದೆ, ಹಳೆಯ ವೇರಿಯಬಲ್‌ಗಳು ಉಳಿಯುವುದಿಲ್ಲ. ಜುಪಿಟರ್ ಅಥವಾ ಕೊಲ್ಯಾಬ್ ನೋಟ್‌ಬುಕ್‌ನಲ್ಲಿ ಹಾಗಲ್ಲ. ಅಲ್ಲಿ ಬೆಳಿಗ್ಗೆ ಮೊದಲ ಸೆಲ್‌ನಲ್ಲಿ ಇಟ್ಟ ಹೆಸರು, ಸೆಷನ್ ಮುಗಿಯುವವರೆಗೂ ಇರುತ್ತದೆ. ಮಗು ಸಮ್ ಅನ್ನು ಟೋಟಲ್ ಎಂದು ತಿದ್ದಿದರೂ, ಆ ಸಾಲನ್ನೇ ಅಳಿಸಿದರೂ, ಹಳೆಯ ಬೆಲೆ ನೆನಪಿನಲ್ಲಿ ಕುಳಿತಿರುತ್ತದೆ. ಪರದೆಯ ಮೇಲೆ ಎಲ್ಲೂ ಇಲ್ಲದ ತಪ್ಪು ದೋಷ ಕೊಡುತ್ತಲೇ ಇರುತ್ತದೆ. ನೋಟ್‌ಬುಕ್ ಬಳಸುವ ಲ್ಯಾಬ್‌ಗಳಲ್ಲಿ "ತಿದ್ದಿದ ಮೇಲೆ ಕರ್ನಲ್ ರೀಸ್ಟಾರ್ಟ್ ಮಾಡಿ, ಮೇಲಿನಿಂದ ಓಡಿಸಿ" ಎಂದು ಹೇಳಿಕೊಡಲೇಬೇಕು. ಎರಡನೇ ಸಲ ಓಡಿಸಿದಾಗ ಮಾತ್ರ ಕೆಡುವ ಪ್ರೋಗ್ರಾಮುಗಳೂ ಇಲ್ಲೇ ಕಾಣಿಸುತ್ತವೆ. ಮ್ಯಾಕ್ಸ್ = ಮ್ಯಾಕ್ಸ್(ಮಾರ್ಕ್ಸ್) ಎಂಬ ಸೆಲ್ ಮೊದಲ ಸಲ ಸರಿ, ಎರಡನೇ ಸಲ ದೋಷ. "ನಾನು ಏನೂ ಮುಟ್ಟಿಲ್ಲ ಮಿಸ್" ಎಂದು ಮಗು ಹೇಳಿದರೆ ಅದು ನಿಜವೇ.

ಹಾಗಾದರೆ ಏನು ಹೆಸರಿಡಬೇಕು?

ಬಿಲ್ಟ್-ಇನ್ ಫಂಕ್ಷನ್‌ಗಳೇ ಸುಮಾರು 70 ಇವೆ. ದೋಷಗಳ ಹೆಸರುಗಳೂ ಸೇರಿದರೆ ಬಿಲ್ಟ್-ಇನ್ ಪಟ್ಟಿ 150 ದಾಟುತ್ತದೆ. ಇದನ್ನು ಬಾಯಿಪಾಠ ಮಾಡಿಸುವುದು ವ್ಯರ್ಥ. ಆ ಸಂಖ್ಯೆಗೆ ಲೆಕ್ಕದಲ್ಲಿ ಏನು ಅರ್ಥವೋ ಅದನ್ನೇ ಹೆಸರಾಗಿಸುವುದು ಪಟ್ಟಿಗಿಂತ ಉಪಯುಕ್ತ. ಏನರ ಮೊತ್ತ? ಅಂಕಗಳ ಮೊತ್ತ; ಟೋಟಲ್_ಮಾರ್ಕ್ಸ್. ಯಾವುದರಲ್ಲಿ ಹೆಚ್ಚು? ಮಳೆಯಲ್ಲಿ, ಹೈಯೆಸ್ಟ್_ರೈನ್. ಏನಿರುವ ಲಿಸ್ಟ್? ಹೆಸರುಗಳು, ನೇಮ್ಸ್. ಸಮ್, ಮ್ಯಾಕ್ಸ್, ಲಿಸ್ಟ್ ಇವೆಲ್ಲ ಮಾಡುವ ಕ್ರಿಯೆಯನ್ನೋ ಇಡುವ ಪಾತ್ರೆಯನ್ನೋ ಹೇಳುತ್ತವೆ, ಒಳಗಿರುವ ವಸ್ತುವನ್ನು ಹೇಳುವುದಿಲ್ಲ. ವಸ್ತುವಿನ ಹೆಸರಿಟ್ಟರೆ ಬಿಲ್ಟ್-ಇನ್‌ಗಳ ಜೊತೆ ಡಿಕ್ಕಿ ಬಹುತೇಕ ತಾನಾಗಿಯೇ ತಪ್ಪುತ್ತದೆ.

ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಸೇರಿಸಿ ಸಮ್_, ಲಿಸ್ಟ್_ ಎಂದು ಬರೆಯುವ ಪದ್ಧತಿಯೂ ಇದೆ. ಪೆಪ್ 8 ಎಂಬ ಪೈಥಾನ್‌ನ ಶೈಲಿ ಕೈಪಿಡಿ ಕೀವರ್ಡ್‌ಗಳ ಜೊತೆ ಹೆಸರು ಡಿಕ್ಕಿಯಾದಾಗ ಇದನ್ನು ಸೂಚಿಸುತ್ತದೆ. ಕೆಲಸಕ್ಕೆ ಬರುತ್ತದೆ, ಆದರೆ ಕಲಿಯುವವರಿಗೆ ಇದನ್ನು ಮೊದಲ ಉಪಾಯವಾಗಿ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಒಂದು ಗೆರೆ ಬಿಟ್ಟುಹೋದರೆ ಮತ್ತೆ ಅದೇ ಕಥೆ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇನ್ನೊಂದು ದಾರಿ ಇದೆ. ಮೊತ್ತ, ಅಂಕ, ಗರಿಷ್ಠ ಎಂಬ ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ವೇರಿಯಬಲ್ ಮಾಡಬಹುದು. ಅರ್ಥ ಮಗುವಿಗೆ ನೇರ, ಡಿಕ್ಕಿಯ ಭಯವೂ ಇಲ್ಲ. ಅಷ್ಟೇ ಅಲ್ಲ, ಪೈಥಾನ್ 3 ಕನ್ನಡ ಲಿಪಿಯ ಹೆಸರನ್ನೂ ಒಪ್ಪುತ್ತದೆ. ಇಲ್ಲಿ ಮಾತ್ರ ನಿಜವಾಗಿಯೂ ಕನ್ನಡ ಅಕ್ಷರಗಳಲ್ಲೇ ಮೊತ್ತ = 0 ಎಂದು ಟೈಪ್ ಮಾಡಿ ನೋಡಿ, ನಡೆಯುತ್ತದೆ. ಒಂದು ಎಚ್ಚರಿಕೆ ಬೇಕು. "ಇನ್‌ಪುಟ್" ಎಂಬಲ್ಲಿ ನಕಾರ ಪೊಲ್ಲು ಒತ್ತಕ್ಷರವಾಗದೆ ಬಿಡಿಯಾಗಿ ನಿಲ್ಲಲು ನಾವು ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ನಡುವೆ ಸೇರಿಸುತ್ತೇವೆ. ಅದು ವೇರಿಯಬಲ್ ಹೆಸರಿನಲ್ಲಿದ್ದರೆ ಪೈಥಾನ್ ದೋಷ ಕೊಡುತ್ತದೆ. ಮೊತ್ತ, ಗರಿಷ್ಠ ಎಂಬಂಥ ಪದಗಳಲ್ಲಿ ಈ ಕಾಟವಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಇಂಗ್ಲಿಷ್ ಹೆಸರುಗಳನ್ನೇ ನಿರೀಕ್ಷಿಸಬಹುದಾದ್ದರಿಂದ ಕನ್ನಡ ಲಿಪಿಯನ್ನು ತರಗತಿಯ ಅಭ್ಯಾಸಕ್ಕೆ ಇಟ್ಟುಕೊಳ್ಳುವುದು ಕ್ಷೇಮ.

ಪಾಠವನ್ನು ಎಲ್ಲಿ ಇಡುವುದು

ವೇರಿಯಬಲ್‌ಗೆ ಹೆಸರಿಡುವ ನಿಯಮಗಳ ಪಾಠದಲ್ಲೇ ಇದನ್ನು ಸೇರಿಸುವುದು ಸಹಜವೆನಿಸುತ್ತದೆ. ಆದರೆ ಆಗ ಮಕ್ಕಳು ಯಾವ ಫಂಕ್ಷನ್ನನ್ನೂ ಕರೆದಿರುವುದಿಲ್ಲ; ಕಳೆದುಕೊಳ್ಳುವುದು ಏನೆಂದು ಗೊತ್ತಿಲ್ಲದೆ ಎಚ್ಚರಿಕೆ ಅರ್ಥವಾಗದು. ಲಿಸ್ಟ್‌ನ ಮೇಲೆ ಸಮ್, ಮ್ಯಾಕ್ಸ್, ಮಿನ್ ಕಲಿಸುವ ದಿನವೇ ತಕ್ಕ ದಿನ. ಬೇಕಾದ ಪೂರ್ವಜ್ಞಾನ ಅಂದು ಇರುತ್ತದೆ, ರೆಕಾರ್ಡ್ ಪುಸ್ತಕದಲ್ಲಿ ಹಳೆಯ ಸಮ್ = 0 ಕೂಡ ಇರುತ್ತದೆ.

ಆ 40 ನಿಮಿಷಗಳಲ್ಲಿ ಇನ್‌ಪುಟ್ ಉದಾಹರಣೆಯಿಂದ ಶುರುಮಾಡಿದರೆ ಬೇಗ ತಲುಪುತ್ತದೆ, ಎರಡೇ ಸಾಲು ಸಾಕು:

ಇನ್‌ಪುಟ್ = ಇನ್‌ಪುಟ್("ನಿಮ್ಮ ಹೆಸರು? ")
ಊರು = ಇನ್‌ಪುಟ್("ನಿಮ್ಮ ಊರು? ")

ಓಡಿಸುವ ಮೊದಲು ಏನಾಗಬಹುದೆಂದು ಪ್ರತಿಯೊಬ್ಬರೂ ಪುಸ್ತಕದಲ್ಲಿ ಬರೆಯಲಿ. ಬಹುಪಾಲು ಮಕ್ಕಳು ಎರಡು ಪ್ರಶ್ನೆಗಳೂ ಬರುತ್ತವೆ ಎಂದು ಬರೆಯುತ್ತಾರೆ. ಓಡಿಸಿದಾಗ ಹೆಸರು ಕೇಳುತ್ತದೆ, ಊರು ಕೇಳುವ ಮೊದಲೇ ನಿಲ್ಲುತ್ತದೆ. ಬರೆದ ಊಹೆಗೂ ಕಂಡದ್ದಕ್ಕೂ ಇರುವ ಆ ಅಂತರದಲ್ಲಿ ಅಕ್ಕನ ಹೋಲಿಕೆ ತಂದರೆ ಕಿವಿಗೊಡುತ್ತಾರೆ. ಆಮೇಲೆ ಐಡಲ್‌ನ ಬಣ್ಣಗಳನ್ನು ತೋರಿಸಬೇಕು. ಅದರ ಸಾಮಾನ್ಯ ವಿನ್ಯಾಸದಲ್ಲಿ ಕೀವರ್ಡ್‌ಗಳು ಕಿತ್ತಳೆ, ಬಿಲ್ಟ್-ಇನ್‌ಗಳು ನೇರಳೆ, ಮಕ್ಕಳೇ ಇಟ್ಟ ಹೆಸರುಗಳು ಕಪ್ಪು. "ಸಮ ಚಿಹ್ನೆಯ ಎಡಗಡೆ ನೇರಳೆ ಕಂಡರೆ ಕೈ ನಿಲ್ಲಿಸಿ" ಎಂಬುದನ್ನು ಮಕ್ಕಳು ಮರೆಯಲಿಲ್ಲ. 150 ಹೆಸರುಗಳ ಪಟ್ಟಿಯ ಕೆಲಸವನ್ನು ಈ ಒಂದು ಬಣ್ಣ ಮಾಡುತ್ತದೆ. ಉಳಿದ ಸಮಯದಲ್ಲಿ ಅವರವರ ಹಳೆಯ ಪ್ರೋಗ್ರಾಮುಗಳನ್ನು ತೆರೆದು ಹೆಸರು ಬದಲಿಸಲಿ. ಹುಡುಕಿ ಬದಲಿಸುವ ಆಯ್ಕೆ ಬಳಸಿದರೆ "ಪೂರ್ಣ ಪದ" ಎಂಬುದನ್ನು ಗುರುತು ಮಾಡಿಸಿ, ಇಲ್ಲದಿದ್ದರೆ ಸಮ್1, ಸಮ್2 ಎಂಬ ಹೆಸರುಗಳ ಒಳಗಿನ ಸಮ್ ಕೂಡ ಬದಲಾಗುತ್ತದೆ.

ಪರೀಕ್ಷೆಯ ದೃಷ್ಟಿಯಿಂದ ಒಂದು ಮಾತು. "ಕೆಳಗಿನವುಗಳಲ್ಲಿ ಸರಿಯಾದ ಐಡೆಂಟಿಫೈಯರ್ ಯಾವುದು?" ಎಂದು ಕೇಳಿ 2ಸಮ್, ಫಾರ್, ಟೋಟಲ್-ಮಾರ್ಕ್ಸ್, ಸಮ್ ಎಂದು ಕೊಟ್ಟರೆ ಉತ್ತರ ಸಮ್. ಮೊದಲನೆಯದು ಅಂಕಿಯಿಂದ ಶುರುವಾಗುತ್ತದೆ, ಎರಡನೆಯದು ಕೀವರ್ಡ್, ಮೂರನೆಯದರಲ್ಲಿ ಕಳೆಯುವ ಚಿಹ್ನೆ ಇದೆ. ಸಮ್ ಮಾತ್ರ ನಿಯಮದ ಪ್ರಕಾರ ಸರಿ. "ಸಮ್ ಎಂದು ಹೆಸರಿಡುವುದು ತಪ್ಪು" ಎಂದು ನಾವು ಒತ್ತಿ ಹೇಳಿದ್ದರೆ ನಮ್ಮ ಮಾತು ನಂಬಿದ ಮಗುವೇ ಅಂಕ ಕಳೆದುಕೊಳ್ಳುತ್ತದೆ. "ಪೈಥಾನ್ ಒಪ್ಪುತ್ತದೆ, ಆದರೆ ನಾವು ಇಡುವುದಿಲ್ಲ" ಎಂದು ಎರಡು ಮಾತಾಗಿಯೇ ಹೇಳಬೇಕು.

ಇದೇ ಸಮಸ್ಯೆಯ ಎರಡು ದೂರದ ನೆಂಟರೂ ಇದ್ದಾರೆ. ಮೊದಲನೆಯದು ಫೈಲಿನ ಹೆಸರು. ರ‍್ಯಾಂಡಮ್ ಮಾಡ್ಯೂಲ್ ಅಭ್ಯಾಸಕ್ಕೆಂದು ಬರೆದ ಪ್ರೋಗ್ರಾಮನ್ನು ರ‍್ಯಾಂಡಮ್ ಎಂಬ ಹೆಸರಿನಲ್ಲೇ ಸೇವ್ ಮಾಡಿದರೆ, ಇಂಪೋರ್ಟ್ ಮಾಡುವಾಗ ಪೈಥಾನ್ ಮೊದಲು ಅದೇ ಫೋಲ್ಡರಿನಲ್ಲಿ ಹುಡುಕಿ ಮಗುವಿನ ಫೈಲನ್ನೇ ತರುತ್ತದೆ. ಟರ್ಟಲ್ ಚಿತ್ರಗಳ ಪಾಠದಲ್ಲೂ ಹೀಗೇ. ಎರಡನೆಯದು ಮ್ಯಾಥ್ ಮಾಡ್ಯೂಲಿನಿಂದ ನಕ್ಷತ್ರ ಹಾಕಿ ಎಲ್ಲವನ್ನೂ ಒಟ್ಟಿಗೆ ಇಂಪೋರ್ಟ್ ಮಾಡುವುದು. ಆಗ ಮ್ಯಾಥ್‌ನಲ್ಲಿರುವ ಪೌ ಎಂಬ ಫಂಕ್ಷನ್ ಬಿಲ್ಟ್-ಇನ್ ಪೌ ಅನ್ನು ಮರೆಮಾಡುತ್ತದೆ. ಪೌ(2, 3) ಕೇಳಿದರೆ 8ರ ಬದಲು 8.0 ಬರುತ್ತದೆ. ಪೌ(2, 10, 7) ಎಂದು 2ರ ಹತ್ತನೇ ಘಾತವನ್ನು 7ರಿಂದ ಭಾಗಿಸಿದಾಗ ಉಳಿಯುವ ಶೇಷ ಕೇಳಿದರೆ, 2 ಎಂಬ ಉತ್ತರದ ಬದಲು ದೋಷ ಬರುತ್ತದೆ. 3ರ ನಲವತ್ತನೇ ಘಾತದಂಥ ದೊಡ್ಡ ಸಂಖ್ಯೆ ಕೇಳಿದರೆ ಯಾವ ದೋಷವೂ ಇಲ್ಲದೆ ಕೊನೆಯ ಅಂಕಿಗಳು ಕಳೆದುಹೋಗುತ್ತವೆ. ಗಣಿತದವರು ಇದನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ.

ಪಾಠದ ಕೊನೆಯ ಮೌಲ್ಯಮಾಪನಕ್ಕೆ ಈ ಪ್ರೋಗ್ರಾಮ್ ಕೊಡಬಹುದು. ತೇರ್ಗಡೆಯ ಅಂಕ 35.

ಮಿನ್ = 35
ಮಾರ್ಕ್ಸ್ = [48, 29, 61]
ಫಾರ್ ಎಮ್ ಇನ್ ಮಾರ್ಕ್ಸ್:
    ಇಫ್ ಎಮ್ < ಮಿನ್:
        ಪ್ರಿಂಟ್(ಎಮ್)
ಪ್ರಿಂಟ್(ಮಿನ್(ಮಾರ್ಕ್ಸ್))

ಪರದೆಯ ಮೇಲೆ ಮೊದಲು ಏನು ಬರುತ್ತದೆ? ದೋಷ ಯಾವ ಸಾಲಿನಲ್ಲಿ ಕಾಣುತ್ತದೆ? ತಿದ್ದಬೇಕಾದ ಸಾಲುಗಳು ಯಾವುವು? ಮೊದಲು 29 ಬರುತ್ತದೆ, ದೋಷ ಕೊನೆಯ ಸಾಲಿನಲ್ಲಿ, ತಿದ್ದಬೇಕಾದದ್ದು ಒಂದನೇ ಮತ್ತು ನಾಲ್ಕನೇ ಸಾಲುಗಳನ್ನು. ಹೊಸ ಹೆಸರು ಕೇಳಿದಾಗ "ಪಾಸ್ ಎಂದು ಇಡೋಣ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ಅವರ ಕೈಯಲ್ಲೇ ಟೈಪ್ ಮಾಡಿಸಿ. ಪಾಸ್ ಎಂಬುದು ಕೀವರ್ಡ್, ಪದ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಓಡಿಸಿದರೆ ಆ ಸಾಲಿನಲ್ಲೇ ಸಿಂಟ್ಯಾಕ್ಸ್ ಎರರ್. ಪಾಸ್_ಮಾರ್ಕ್ ಎಂದಾದರೆ ಕಪ್ಪು.